ರಸ್ತೆ ಕೆಲಸದವರಿಗೆ ರಿಫ್ಲೆಕ್ಟರ್ ಜಾಕೆಟ್: ಕೊಳ್ಳುವ ಮುಂಚೆ, ತೊಡಿಸುವಾಗ, ಬದಲಿಸುವಾಗ

"ಯಾವ ಜಾಕೆಟ್ ತಗೋಬೇಕು ಸಾರ್?" ಸಣ್ಣ ಗುತ್ತಿಗೆದಾರರು, ಸೈಟ್ ಸೂಪರ್‌ವೈಸರ್‌ಗಳು, ಪಂಚಾಯಿತಿ ರಸ್ತೆ ಕೆಲಸ ಮಾಡಿಸುವ ಮೇಸ್ತ್ರಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಾರ್ಡ್‌ವೇರ್ ಅಂಗಡಿ ಮುಂದೆ ತೂಗುಹಾಕಿರ್ತಾರಲ್ಲ, ಆ ಕಿತ್ತಳೆ ಬಲೆ ಜಾಕೆಟ್ಟು, ಅದು ಸಾಕಲ್ವಾ?" ಕೆಲವು ಕಡೆ ಸಾಕು. ಬಹಳಷ್ಟು ಕಡೆ ಸಾಲದು. ನಿಮ್ಮ ಸೈಟಿಗೆ ಸಾಕೋ ಇಲ್ಲವೋ ಎಂದು ನೀವೇ ತೀರ್ಮಾನ ಮಾಡುವಂತೆ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಾಕೆಟ್ ಯಾವ ಲಾರಿಯನ್ನೂ ನಿಲ್ಲಿಸುವುದಿಲ್ಲ. ಮುಂದೆ ಮನುಷ್ಯ ಇದ್ದಾನೆ ಎಂದು ಚಾಲಕನಿಗೆ ಬೇಗ ಗೊತ್ತುಮಾಡುವುದಷ್ಟೇ ಅದರ ಕೆಲಸ. ಎಚ್ಚರಿಕೆ ಬೋರ್ಡು, ಕೋನು, ಬ್ಯಾರಿಕೇಡು, ರಾತ್ರಿ ದೀಪ ಇವೆಲ್ಲ ಇದ್ದ ಮೇಲೆ ಕೊನೆಯ ಪದರವಾಗಿ ಜಾಕೆಟ್ ಬರಬೇಕು. ಕೆಲಸ ನಡೆಯುವ ಜಾಗದಲ್ಲಿ ವಾಹನಗಳನ್ನು ಹೇಗೆ ಸಾಗಿಸಬೇಕು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಇದೆ. ಅದರ ಹೆಸರು ಐಆರ್‌ಸಿ ಎಸ್‌ಪಿ 55, 2014ರ ಆವೃತ್ತಿ. ಬೋರ್ಡು, ಕೋನುಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ನಾನು ಇಲ್ಲಿ ಬಟ್ಟೆಯ ವಿಷಯ ಮಾತ್ರ ಹೇಳುತ್ತೇನೆ.

ಏನೇನು ಬೇಕು

ಒಂದು ಅಳತೆ ಟೇಪು, ಒಂದು ಟಾರ್ಚು, ಒಂದು ಮಗ್ ನೀರು, ಹೆಡ್‌ಲೈಟ್ ಸರಿಯಿರುವ ಒಂದು ಗಾಡಿ, ಜಾಕೆಟ್ ತೊಟ್ಟು ಬಗ್ಗಿ ಏಳಲು ಒಬ್ಬ ಕೆಲಸಗಾರ. ಕೊಳ್ಳುವ ಮುಂಚೆ ಅಂಗಡಿಯವರಿಂದ ಒಂದೇ ಒಂದು ಸ್ಯಾಂಪಲ್ ತರಿಸಿಕೊಳ್ಳಿ. ನೂರು ಜಾಕೆಟ್ ಬಂದಿಳಿದ ಮೇಲೆ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ.

ಮೊದಲು ಎರಡು ಪದ

ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಎರಡೂ ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುತ್ತವೆ. ಇದೊಂದು ಅರ್ಥವಾದರೆ ಮುಂದಿನ ಅರ್ಧ ಗೊಂದಲ ತಾನಾಗಿಯೇ ಹೋಗುತ್ತದೆ.

ಫ್ಲೋರೊಸೆಂಟ್ ಬಟ್ಟೆ: ಕಣ್ಣು ಕುಕ್ಕುವ ಹಳದಿ ಅಥವಾ ಕಿತ್ತಳೆ ಬಣ್ಣದ ಬಟ್ಟೆ. ಬಿಸಿಲಿನಲ್ಲಿರುವ, ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಹೊರಗೆ ಬಿಡುತ್ತದೆ. ಅದಕ್ಕೇ ಮಾಮೂಲಿ ಹಳದಿ ಅಂಗಿಗಿಂತ ಅದು ಎದ್ದು ಕಾಣುವುದು. ಹಗಲು, ಮೋಡ ಕವಿದ ಹೊತ್ತು, ಬೆಳಗಿನ ಜಾವ, ಮುಸ್ಸಂಜೆಯಲ್ಲಿ ಇದರ ಉಪಯೋಗ ಜಾಸ್ತಿ. ರಾತ್ರಿ ಹೆಚ್ಚೇನೂ ಇಲ್ಲ. ಹಳೆಯ ಸೋಡಿಯಂ ಬೀದಿದೀಪದ ಕೆಳಗೆ ನಿಂತು ನೋಡಿ, ಕಣ್ಣು ಕುಕ್ಕುವ ಬಣ್ಣವೂ ಮಂಕಾಗಿರುತ್ತದೆ.

ರೆಟ್ರೋ ರಿಫ್ಲೆಕ್ಟಿವ್ ಟೇಪ್: ನಮ್ಮ ಕಡೆ ರೇಡಿಯಂ ಪಟ್ಟಿ ಅನ್ನುತ್ತಾರಲ್ಲ, ಅದು. ಅದರಲ್ಲಿ ಸಣ್ಣ ಗಾಜಿನ ಮಣಿಗಳೋ ಪ್ಲಾಸ್ಟಿಕ್‌ನ ಸಣ್ಣ ಪ್ರಿಸಂಗಳೋ ಇರುತ್ತವೆ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತವೆ. ಹೆಡ್‌ಲೈಟ್ ಇರುವುದೂ ಚಾಲಕನ ಕಣ್ಣಿರುವುದೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ, ಹಾಗಾಗಿ ಪಟ್ಟಿ ಅವನಿಗೆ ಉರಿದಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತ ನಿಮಗೆ ಬರೀ ಬೂದು ಪಟ್ಟಿ. ರಾತ್ರಿ ಪೂರ್ತಿ ಇದರದ್ದೇ ಕೆಲಸ. ಬೆಳಕು ಬೀಳದಿದ್ದರೆ ಇದು ತಾನಾಗಿ ಹೊಳೆಯುವುದಿಲ್ಲ. ಹೆಡ್‌ಲೈಟ್ ಕೆಟ್ಟ ಟ್ರಾಕ್ಟರ್ ಬಂದರೆ ಟೇಪು ಇದ್ದೂ ಇಲ್ಲದ ಹಾಗೆ.

ಹಂತ 1: ನಿಮ್ಮ ರಸ್ತೆಯಲ್ಲಿ ಗಾಡಿಗಳ ವೇಗ ಎಷ್ಟು?

ಜಾಕೆಟ್ ಎಷ್ಟು ದೂರದಿಂದ ಕಾಣಬೇಕು ಎಂಬುದನ್ನು ತೀರ್ಮಾನಿಸುವುದು ವೇಗ. ಚಾಲಕ ನೋಡಿ, ಮನಸ್ಸಿಗೆ ಹತ್ತಿ, ಬ್ರೇಕ್ ಒತ್ತಿ, ಗಾಡಿ ನಿಲ್ಲುವವರೆಗಿನ ದೂರವನ್ನು ರಸ್ತೆ ಎಂಜಿನಿಯರುಗಳು ನಿಲ್ಲುವ ದೃಷ್ಟಿದೂರ ಎಂದು ಲೆಕ್ಕ ಹಾಕುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಲೆಕ್ಕ ಹೀಗಿದೆ: ಗಂಟೆಗೆ 40 ಕಿ.ಮೀ. ವೇಗಕ್ಕೆ 45 ಮೀಟರ್, 60ಕ್ಕೆ 80 ಮೀಟರ್, 80ಕ್ಕೆ 120 ಮೀಟರ್, 100ಕ್ಕೆ 180 ಮೀಟರ್.

ಇದರಲ್ಲಿ ಚಾಲಕನ ಪ್ರತಿಕ್ರಿಯೆಗೆಂದೇ ಎರಡೂವರೆ ಸೆಕೆಂಡ್ ಹಿಡಿದಿರುತ್ತಾರೆ. 80ರಲ್ಲಿ ಬರುತ್ತಿರುವ ಬಸ್ಸು ಆ ಎರಡೂವರೆ ಸೆಕೆಂಡಿನಲ್ಲೇ 55 ಮೀಟರ್ ದಾಟಿರುತ್ತದೆ, ಬ್ರೇಕ್ ಇನ್ನೂ ಹಿಡಿದಿರುವುದಿಲ್ಲ. ತುಂಬಿದ ಲಾರಿ, ಮಳೆಯಲ್ಲಿ ನೆನೆದ ರಸ್ತೆ, ಘಾಟಿಯ ಇಳಿಜಾರು ಅಂದರೆ ಇನ್ನೂ ದೂರ ಬೇಕು.

ಇಲ್ಲಿ ಒಂದು ತಪ್ಪು ಸಾಮಾನ್ಯ. ಬೋರ್ಡಿನಲ್ಲಿ 30 ಎಂದು ಬರೆದಿದೆ ಎಂದು 30ರ ಲೆಕ್ಕ ಹಿಡಿಯುವುದು. ರಸ್ತೆ ಬದಿ ಸ್ವಲ್ಪ ಹೊತ್ತು ನಿಂತು, ಗಾಡಿಗಳು ನಿಜವಾಗಿ ಯಾವ ವೇಗದಲ್ಲಿ ಬರುತ್ತಿವೆ ನೋಡಿ. ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಜತೆಗೆ ಇನ್ನೆರಡು ವಿಷಯ ಬರೆದಿಟ್ಟುಕೊಳ್ಳಿ: ಕೆಲಸ ಯಾವ ಹೊತ್ತಿನಲ್ಲಿ ನಡೆಯುತ್ತದೆ, ಯಾರು ಯಾವ ಕೆಲಸ ಮಾಡುತ್ತಾರೆ. ಗುಂಡಿ ಮುಚ್ಚುವವನು, ಬಾವುಟ ಹಿಡಿಯುವವನು, ಟಿಪ್ಪರ್ ರಿವರ್ಸ್ ಮಾಡಿಸುವವನು, ಇವರಿಗೆಲ್ಲ ಒಂದೇ ಜಾಕೆಟ್ ಆಗಬೇಕೆಂದಿಲ್ಲ.

ಹಂತ 2: ಕ್ಲಾಸ್ ಆರಿಸಿ

ಐಎಸ್‌ಒ 20471 ಎಂಬ ಅಂತರರಾಷ್ಟ್ರೀಯ ಮಾನದಂಡ 2013ರಲ್ಲಿ ಬಂತು. ಅದು ಇಂಥ ಬಟ್ಟೆಗಳನ್ನು ಮೂರು ಕ್ಲಾಸ್ ಮಾಡಿದೆ. ಕ್ಲಾಸ್ ಅಂದರೆ ಗುಣಮಟ್ಟದ ದರ್ಜೆ ಅಲ್ಲ, ಬಟ್ಟೆಯೂ ಟೇಪೂ ಎಷ್ಟು ವಿಸ್ತಾರ ಇರಬೇಕು ಎಂಬ ಅಳತೆ. ಕ್ಲಾಸ್ 1ರಲ್ಲಿ ಫ್ಲೋರೊಸೆಂಟ್ ಬಟ್ಟೆ ಕನಿಷ್ಠ 0.14 ಚದರ ಮೀಟರ್, ಟೇಪು 0.10 ಚದರ ಮೀಟರ್. ಕ್ಲಾಸ್ 2ರಲ್ಲಿ ಬಟ್ಟೆ 0.50, ಟೇಪು 0.13. ಕ್ಲಾಸ್ 3ರಲ್ಲಿ ಬಟ್ಟೆ 0.80, ಟೇಪು 0.20.

ಚದರ ಮೀಟರ್ ಲೆಕ್ಕ ತಲೆಗೆ ಹತ್ತದಿದ್ದರೆ ಸುಲಭ ದಾರಿ ಇದೆ. ಟೇಪಿನ ಅಗಲ ಕನಿಷ್ಠ 5 ಸೆಂಟಿಮೀಟರ್ ಇರಬೇಕು. 5 ಸೆಂಟಿಮೀಟರ್ ಅಗಲದ ಟೇಪಾದರೆ ಒಂದು ಬಟ್ಟೆಯಲ್ಲಿ ಒಟ್ಟು ಉದ್ದ ಕ್ಲಾಸ್ 1ಕ್ಕೆ 2 ಮೀಟರ್, ಕ್ಲಾಸ್ 2ಕ್ಕೆ 2.6 ಮೀಟರ್, ಕ್ಲಾಸ್ 3ಕ್ಕೆ 4 ಮೀಟರ್ ಬರಬೇಕು. ಅಳತೆ ಟೇಪು ಹಿಡಿದು ಸೊಂಟದ ಸುತ್ತ, ಎದೆಯ ಸುತ್ತ, ಹೆಗಲ ಮೇಲಿನದು ಎಲ್ಲ ಕೂಡಿಸಿ. ಅಗ್ಗದ ಜಾಕೆಟ್‌ಗಳಲ್ಲಿ ಟೇಪು ಒಂದು ಇಂಚು ಅಗಲವೇ ಇರುತ್ತದೆ. ಅಂಥದ್ದನ್ನು ಅಳೆಯುತ್ತಾ ಕೂರಬೇಡಿ, ಅಲ್ಲೇ ಪಕ್ಕಕ್ಕಿಡಿ.

ಯಾವುದಕ್ಕೆ ಯಾವುದು? ನನ್ನ ಲೆಕ್ಕ ಹೀಗೆ:

ಕ್ಲಾಸ್ 1 ರಸ್ತೆ ಕೆಲಸಕ್ಕೆ ಬೇಡ. ಗೋಡೌನು, ಯಾರ್ಡಿನ ಒಳಗೆ ಆದೀತು.

ಕ್ಲಾಸ್ 2, ಅಂದರೆ ಒಳ್ಳೆಯ ತೋಳಿಲ್ಲದ ಜಾಕೆಟ್, ಊರೊಳಗಿನ ರಸ್ತೆಗೆ, ಹಗಲು ಕೆಲಸಕ್ಕೆ, ಬ್ಯಾರಿಕೇಡಿನ ಒಳಗಿರುವವರಿಗೆ ಸಾಕು.

ಕ್ಲಾಸ್ 3 ಹೆದ್ದಾರಿಗೆ, ಯಾವುದೇ ರಸ್ತೆಯ ರಾತ್ರಿ ಕೆಲಸಕ್ಕೆ, ಘಾಟಿಗೆ, ಬಾವುಟ ಹಿಡಿದು ಗಾಡಿಗಳಿಗೆ ಎದುರಾಗಿ ನಿಲ್ಲುವವರಿಗೆ. ಆಗುಂಬೆ, ಶಿರಾಡಿ ಕಡೆಯ ಮಂಜಿನಲ್ಲಿ ಹಗಲೂ ಇದೇ ಬೇಕು. ಮಂಜು ಹೆಡ್‌ಲೈಟಿನ ಬೆಳಕನ್ನು ದಾರಿಯಲ್ಲೇ ಚದುರಿಸಿಬಿಡುತ್ತದೆ, ಟೇಪಿಗೆ ತಲುಪುವುದು ಸ್ವಲ್ಪ, ವಾಪಸ್ ಬರುವುದು ಇನ್ನೂ ಸ್ವಲ್ಪ.

ಅಂಗಡಿಯಲ್ಲಿ ಮೋಸ ಹೋಗುವ ಜಾಗ ಇದು: ತೋಳಿಲ್ಲದ ಜಾಕೆಟ್ ಒಂದನ್ನೇ ತೋರಿಸಿ "ಇದು ಕ್ಲಾಸ್ 3" ಎಂದರೆ ನಂಬಬೇಡಿ. ಐಎಸ್‌ಒ ಪ್ರಕಾರ ಕ್ಲಾಸ್ 3 ಆಗಬೇಕಾದರೆ ಮೈ ಮುಚ್ಚುವುದರ ಜತೆಗೆ ಟೇಪು ಇರುವ ತೋಳಾದರೂ ಇರಬೇಕು, ಟೇಪು ಇರುವ ಪೂರ್ತಿ ಪ್ಯಾಂಟಾದರೂ ಇರಬೇಕು. ಜಾಕೆಟ್ ಮತ್ತು ಪ್ಯಾಂಟ್ ಸೇರಿ ಕ್ಲಾಸ್ 3 ಆಗುವ ಜೋಡಿಗಳೂ ಸಿಗುತ್ತವೆ. ಅದರಲ್ಲಿ ಪ್ಯಾಂಟ್ ಬಿಟ್ಟು ಜಾಕೆಟ್ ಮಾತ್ರ ತೊಟ್ಟರೆ ಕ್ಲಾಸ್ 3 ಉಳಿಯುವುದಿಲ್ಲ.

ಹಂತ 3: ಬಣ್ಣ

ಹಳದಿಯೋ ಕಿತ್ತಳೆಯೋ ಎಂಬ ಜಗಳಕ್ಕೆ ಕೊನೆಯಿಲ್ಲ. ಮಾನದಂಡದಲ್ಲಿ ಮೂರು ಬಣ್ಣಗಳಿಗೆ ಒಪ್ಪಿಗೆ ಇದೆ: ಫ್ಲೋರೊಸೆಂಟ್ ಹಳದಿ, ಕಿತ್ತಳೆ ಕೆಂಪು, ಕೆಂಪು. ಇಂಥದ್ದೇ ಮೇಲು ಎಂದಿಲ್ಲ. ನಿಮ್ಮ ಸೈಟಿನ ಹಿನ್ನೆಲೆ ನೋಡಿ ಆರಿಸಿ.

ಅಡಿಕೆ ತೋಟ, ಕಬ್ಬಿನ ಗದ್ದೆ, ಮಲೆನಾಡಿನ ಕಾಡಿನ ನಡುವಿನ ರಸ್ತೆಯಾದರೆ ಹಿಂದೆ ಪೂರ್ತಿ ಹಸಿರು. ಹಳದಿ ಅಲ್ಲಿ ಸ್ವಲ್ಪ ಬೆರೆತುಹೋಗುತ್ತದೆ, ಕಿತ್ತಳೆ ಎದ್ದು ಕಾಣುತ್ತದೆ. ಕರಾವಳಿಯ ಜಂಬಿಟ್ಟಿಗೆ ಮಣ್ಣು, ಕೆಂಪು ಮುರ್ರಮ್ ಗುಡ್ಡೆ, ಸಾಲು ಸಾಲು ಕಿತ್ತಳೆ ಕೋನು ಇದ್ದರೆ ಹಳದಿಯೇ ಸರಿ. ಇನ್ನು ಜೆಸಿಬಿ, ಗ್ರೇಡರ್, ರೋಲರ್ ಎಲ್ಲ ಹಳದಿ ಬಣ್ಣದವೇ ಇರುವ ದೊಡ್ಡ ಸೈಟಿನಲ್ಲಿ ಯಂತ್ರದ ಪಕ್ಕ ನಿಲ್ಲುವವರಿಗೆ ಕಿತ್ತಳೆ ಕೊಡಿ.

ಟಿಪ್ಪರ್ ರಿವರ್ಸ್ ಮಾಡಿಸುವವನಿಗೆ ಉಳಿದವರಿಗಿಂತ ಬೇರೆ ಬಣ್ಣ ಕೊಡುವುದು ಒಳ್ಳೆಯ ಪದ್ಧತಿ. ಕನ್ನಡಿಯಲ್ಲಿ ನೋಡುವ ಡ್ರೈವರ್‌ಗೆ ಯಾರ ಕೈ ಸನ್ನೆ ಕೇಳಬೇಕು ಎಂಬುದು ತಕ್ಷಣ ಗೊತ್ತಾಗುತ್ತದೆ.

ಕಡು ನೀಲಿ, ಕಪ್ಪು, ಬೂದು ಬಟ್ಟೆಗೆ ಟೇಪು ಹೊಲಿದ ಜಾಕೆಟ್‌ಗಳೂ ಬರುತ್ತವೆ, "ಕೊಳೆ ಕಾಣಲ್ಲ" ಎಂದು ಮಾರುತ್ತಾರೆ. ಹಗಲಲ್ಲಿ ಮನುಷ್ಯನೂ ಕಾಣಲ್ಲ.

ಹಂತ 4: ಲೇಬಲ್ ಓದಿ

ಒಳಗಡೆ ಹೊಲಿದ ಲೇಬಲ್ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ಇದ್ದರೆ ಇವನ್ನು ನೋಡಿ.

ಭಾರತೀಯ ಮಾನದಂಡದ ಸಂಖ್ಯೆ ಐಎಸ್ 15809. ಅದರ ಜತೆ ಐಎಸ್‌ಐ ಗುರುತು ಇದ್ದರೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಹೊಡೆಯಿರಿ. ತಯಾರಕರು ಯಾರು, ಯಾವ ಸಾಮಾನಿಗೆ ಪರವಾನಗಿ, ಅದು ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ. ಒಂದು ಸಂಖ್ಯೆ ಇದೆ ಎಂದಷ್ಟಕ್ಕೇ ಸುಮ್ಮನಾಗಬೇಡಿ, ಸಾಮಾನು ಇದೇ ಹೌದಾ ಎಂದೂ ನೋಡಿ.

ಐಎಸ್‌ಒ 20471 ಲೇಬಲ್ ಆದರೆ ಜಾಕೆಟ್ಟಿನ ಸಣ್ಣ ಚಿತ್ರದ ಪಕ್ಕ ಒಂದೇ ಒಂದು ಅಂಕಿ ಇರುತ್ತದೆ. 1, 2 ಅಥವಾ 3. ಅದೇ ಕ್ಲಾಸ್. ಎರಡು ಅಂಕಿ ಒಂದರ ಕೆಳಗೊಂದು ಇದ್ದು ಇಎನ್ 471 ಎಂದು ಬರೆದಿದ್ದರೆ ಅದು ಹಳೆಯ ಯುರೋಪಿಯನ್ ಮಾನದಂಡ, 2013ರಲ್ಲೇ ಅದರ ಜಾಗಕ್ಕೆ ಐಎಸ್‌ಒ ಬಂದಿದೆ. ಇವತ್ತು ಹೊಸದೆಂದು ಅದನ್ನು ಮಾರುತ್ತಿದ್ದಾರೆ ಅಂದರೆ ಹಳೆಯ ಸ್ಟಾಕೋ, ಸುಮ್ನೆ ಅಚ್ಚು ಹಾಕಿದ್ದೋ ಎಂದು ಕೇಳಲೇಬೇಕು. ಇಎನ್ 1150 ಎಂದಿದ್ದರೆ ಅದು ಸೈಕಲ್ ಹೊಡೆಯುವವರಿಗೆ, ನಡೆದು ಹೋಗುವವರಿಗೆ ಮಾಡಿದ್ದು. ರಸ್ತೆ ಕೆಲಸಕ್ಕೆ ಅಲ್ಲ. ಎಎನ್‌ಎಸ್‌ಐ 107 ಎಂಬುದು ಅಮೆರಿಕದ್ದು. ಅದರಲ್ಲಿ ಕ್ಲಾಸ್ ಜತೆ ಟೈಪ್ ಕೂಡ ಇರುತ್ತದೆ, ರಸ್ತೆ ಕೆಲಸಕ್ಕೆ ಟೈಪ್ ಆರ್ ಎಂದಿರಬೇಕು.

ಎಷ್ಟು ಸಲ ಒಗೆಯಬಹುದು ಎಂಬ ಸಂಖ್ಯೆಯನ್ನೂ ಹುಡುಕಿ. ಅದು ಹಂತ 8ರಲ್ಲಿ ಬೇಕಾಗುತ್ತದೆ.

ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವುದಾದರೆ ಟೇಪಿನ ಪರೀಕ್ಷಾ ವರದಿ ಕೇಳಿ. ಹೊಸ ಟೇಪಿನ ಹೊಳಪು ನೇರ ಕೋನದ ಪರೀಕ್ಷೆಯಲ್ಲಿ ಕನಿಷ್ಠ 330 ಬರಬೇಕು ಎಂದು ಐಎಸ್‌ಒ ಹೇಳುತ್ತದೆ. ಈ 330 ಎಂಬುದು ಟೇಪಿಗೆ ಬಿದ್ದ ಬೆಳಕಿಗೆ ಎಷ್ಟು ಬೆಳಕು ವಾಪಸ್ ಬಂತು ಎಂಬುದರ ಅಳತೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಹಂತ 5: ಸ್ಯಾಂಪಲ್ ಪರೀಕ್ಷೆ ಮಾಡಿ

ಯಾವುದನ್ನು ಬಿಟ್ಟರೂ ಈ ಹಂತ ಬಿಡಬೇಡಿ. ಕಾಗದ ಎಲ್ಲ ಸರಿಯಿದ್ದ ಜಾಕೆಟ್ಟೂ ಇಲ್ಲಿ ನಪಾಸಾಗುವುದುಂಟು.

ಟಾರ್ಚ್ ಪರೀಕ್ಷೆ. ಕತ್ತಲಾದ ಮೇಲೆ ಜಾಕೆಟ್ಟನ್ನು ಗೋಡೆಗೆ ತೂಗುಹಾಕಿ ಐವತ್ತು ಹೆಜ್ಜೆ ಹಿಂದೆ ಬನ್ನಿ. ಟಾರ್ಚನ್ನು ಕಿವಿಯ ಪಕ್ಕ, ಕಣ್ಣಿನ ಮಟ್ಟದಲ್ಲಿ ಹಿಡಿದು ಬೆಳಕು ಬಿಡಿ. ನಿಜವಾದ ಟೇಪು ಉರಿಯುತ್ತದೆ. ಬರೀ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಆದರೆ ಮಬ್ಬಾಗಿ ಮಿಣುಕುತ್ತದೆ, ಅಷ್ಟೇ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದು "ಏನೂ ಹೊಳೀತಿಲ್ಲ" ಎನ್ನುವವರು ಬಹಳ. ಬೆಳಕು ಟಾರ್ಚಿನ ಕಡೆಗೇ ವಾಪಸ್ ಹೋಗುತ್ತದೆ, ನಿಮ್ಮ ಕಣ್ಣು ಅಲ್ಲಿ ಇರಬೇಕಲ್ಲ. ಟಾರ್ಚ್ ಇಲ್ಲದಿದ್ದರೆ ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಫ್ಲ್ಯಾಶು ಕ್ಯಾಮೆರಾದ ಪಕ್ಕವೇ ಇರುವುದರಿಂದ ಫೋಟೋದಲ್ಲಿ ಟೇಪು ಬೆಳ್ಳಗೆ ಬರುತ್ತದೆ.

ನೀರಿನ ಪರೀಕ್ಷೆ. ಟೇಪಿನ ಮೇಲೆ ಮಗ್ ನೀರು ಸುರಿದು, ಒದ್ದೆ ಇರುವಾಗಲೇ ಮತ್ತೆ ಟಾರ್ಚ್ ಬಿಡಿ. ಗಾಜಿನ ಮಣಿ ಮೇಲೆಯೇ ತೆರೆದಿರುವ ಟೇಪು ನೀರು ನಿಂತಾಗ ಮಂಕಾಗುತ್ತದೆ. ಪ್ರಿಸಂ ಟೇಪು ಸಾಮಾನ್ಯವಾಗಿ ಒದ್ದೆಯಲ್ಲೂ ಹೊಳೆಯುತ್ತದೆ, ಆದರೆ ಅದು ಗಡುಸು, ಮಡಿಸಿದಲ್ಲಿ ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲೇ ಗುಂಡಿ ಮುಚ್ಚುವ ತಂಡವಾದರೆ ಒದ್ದೆಯಲ್ಲಿ ಗೆದ್ದ ಟೇಪನ್ನೇ ಆರಿಸಿ.

ಬಗ್ಗುವ ಪರೀಕ್ಷೆ. ಇದನ್ನು ಮಾಡುವವರು ಕಡಿಮೆ. ಕೆಲಸಗಾರನಿಗೆ ಜಾಕೆಟ್ ತೊಡಿಸಿ ಹಂತ 1ರಲ್ಲಿ ಬಂದ ದೂರದಲ್ಲಿ ನಿಲ್ಲಿಸಿ. ಖಾಲಿ ರಸ್ತೆ ಅಥವಾ ಯಾರ್ಡಿನಲ್ಲಿ ಮಾಡಿ, ಸಂಚಾರ ಇರುವಲ್ಲಿ ಬೇಡ. ನೀವು ಗಾಡಿಯ ಚಾಲಕನ ಸೀಟಿನಲ್ಲಿ ಕುಳಿತು ಹೆಡ್‌ಲೈಟನ್ನು ಡಿಮ್‌ನಲ್ಲಿ ಇಡಿ. ಅವನು ಮೊದಲು ನಿಮಗೆ ಎದುರಾಗಿ, ಆಮೇಲೆ ಬೆನ್ನು ತಿರುಗಿಸಿ, ಆಮೇಲೆ ಪಕ್ಕಕ್ಕೆ ನಿಲ್ಲಲಿ. ಕೊನೆಗೆ ಸನಿಕೆ ಹಿಡಿದು ಜಲ್ಲಿ ಎಳೆಯುವಂತೆ ಬಗ್ಗಲಿ.

ನಿಂತಾಗ ಚೆನ್ನಾಗಿ ಕಂಡವನು ಬಗ್ಗಿದ ಕೂಡಲೇ ಅರ್ಧ ಮಾಯವಾಗುತ್ತಾನೆ. ಬೆನ್ನಿನ ಟೇಪು ಆಕಾಶ ನೋಡುತ್ತದೆ, ಎದೆಯದು ನೆಲ ನೋಡುತ್ತದೆ. ಚಾಲಕನಿಗೆ ಕಾಣುವುದು ಕಾಲು ಮಾತ್ರ, ಅಲ್ಲಿ ಟೇಪೇ ಇಲ್ಲ. ನಮ್ಮ ರಸ್ತೆ ಕೆಲಸದಲ್ಲಿ ಜನ ನಿಂತಿರುವುದಕ್ಕಿಂತ ಬಗ್ಗಿರುವುದೇ ಜಾಸ್ತಿ ಅಲ್ವಾ? ರಾತ್ರಿ ಕೆಲಸಕ್ಕೆ ಟೇಪು ಇರುವ ಪ್ಯಾಂಟ್ ಬೇಕೇ ಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಇನ್ನೊಂದು ಲಾಭವೂ ಇದೆ. ಎದೆಯ ಮೇಲಿನ ಪಟ್ಟಿ ಮಾತ್ರ ಹೊಳೆದರೆ ಚಾಲಕನಿಗೆ ಅದು ಬೋರ್ಡೋ ಕಂಬವೋ ಗೊತ್ತಾಗದು. ಮಣಿಕಟ್ಟು, ಮೊಣಕಾಲು, ಪಾದದ ಗಂಟಿನ ಹತ್ತಿರ ಪಟ್ಟಿ ಇದ್ದು ಅವು ಅಲುಗಾಡಿದರೆ ಇದು ಮನುಷ್ಯ ಎಂದು ಕಣ್ಣು ತಕ್ಷಣ ಗುರುತಿಸುತ್ತದೆ.

ಪ್ಯಾಂಟ್ ಕೊಡಿಸಲು ದುಡ್ಡಿಲ್ಲ ಎನ್ನುವವರು, ಲುಂಗಿ ಮಡಚಿ ಕಟ್ಟಿ ಕೆಲಸ ಮಾಡುವ ತಂಡದವರು ಕನಿಷ್ಠ ಪಾದದ ಗಂಟಿಗೆ, ಮಣಿಕಟ್ಟಿಗೆ ಕಟ್ಟುವ ಎಲಾಸ್ಟಿಕ್ ರಿಫ್ಲೆಕ್ಟರ್ ಪಟ್ಟಿ ಕೊಡಿಸಿ. ಇದರಿಂದ ಕ್ಲಾಸ್ 2 ಹೋಗಿ ಕ್ಲಾಸ್ 3 ಆಗುವುದಿಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಹಂತ 6: ಮೈಗೆ ಸರಿಯಾಗಿ ಕೂರಬೇಕು

ಎಲ್ಲರಿಗೂ ಒಂದೇ ಅಳತೆಯ ಜಾಕೆಟ್ ತಂದು ಹಂಚುವುದು ನಮ್ಮಲ್ಲಿ ಮಾಮೂಲು. ಸಣ್ಣ ಮೈಯವರಿಗೆ ಅದು ಜೋತು ಬೀಳುತ್ತದೆ, ಟೇಪು ಮಡಿಕೆಯಲ್ಲಿ ಸೇರಿಹೋಗುತ್ತದೆ. ದಪ್ಪ ಮೈಯವರಿಗೆ ಮುಂದೆ ಮುಚ್ಚುವುದೇ ಇಲ್ಲ. ಮುಂದೆ ತೆರೆದ ಜಾಕೆಟ್ಟಿನಲ್ಲಿ ಎದೆಯ ಪಟ್ಟಿ ಎರಡು ತುಂಡು. ಮೂರು ಅಳತೆಗಳಲ್ಲಾದರೂ ತರಿಸಿ.

ಯಂತ್ರದ ಹತ್ತಿರ ಇರುವವರಿಗೆ ಇದು ಇನ್ನೂ ಮುಖ್ಯ. ಪೇವರ್‌ನ ತಿರುಗುವ ಆಗರ್, ಕಾಂಕ್ರೀಟ್ ಮಿಕ್ಸರ್, ಕನ್ವೇಯರ್ ಬೆಲ್ಟು ಇವೆಲ್ಲ ಜೋತಾಡುವ ಬಟ್ಟೆಯನ್ನು ಎಳೆದುಕೊಳ್ಳುತ್ತವೆ. ಹೆಗಲು ಮತ್ತು ಪಕ್ಕದಲ್ಲಿ ವೆಲ್ಕ್ರೋ ಇದ್ದು, ಎಳೆದರೆ ಬಿಚ್ಚಿಹೋಗುವ ಜಾಕೆಟ್ ಸಿಗುತ್ತದೆ. ಇದಕ್ಕೆ ಬ್ರೇಕ್‌ಅವೇ ಜಾಕೆಟ್ ಎನ್ನುತ್ತಾರೆ. ಈ ಜಾಗಗಳಿಗೆ ಅದನ್ನೇ ಕೊಡಿ. ನಾಡಾ, ದಾರ ಕಟ್ಟುವ ಜಾಕೆಟ್ ಇಲ್ಲಿ ಬೇಡವೇ ಬೇಡ.

ಹೆಣ್ಣುಮಕ್ಕಳ ವಿಷಯ ಯಾವ ಕ್ಯಾಟಲಾಗಿನಲ್ಲೂ ಇರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು ಬಾಂಡ್ಲಿ ಹೊರುವವರು ಅವರೇ. ಸೆರಗನ್ನು ಅಂಗಿಯ ಒಳಗೆ ಸಿಕ್ಕಿಸಿ ಅದರ ಮೇಲೆ ಜಾಕೆಟ್ ಬರಬೇಕು. ಸೆರಗು ಜಾಕೆಟ್ಟಿನ ಮೇಲೆ ಬಂದರೆ ಒಂದು ಹೆಗಲ ಟೇಪು ಮುಚ್ಚಿಹೋಗುತ್ತದೆ. ಅವರ ಅಳತೆಗೆ ಬೇರೆ ತರಿಸಿ, ಉಳಿದದ್ದನ್ನು ಕೊಡಬೇಡಿ. ಇವರಿಗೆ ಪ್ಯಾಂಟ್ ಆಗದು ಎಂದಾದರೆ ತೋಳು ಇರುವ ಕ್ಲಾಸ್ 3 ಜಾಕೆಟ್ಟೇ ದಾರಿ. ತಲೆಯ ಮೇಲೆ ಬಾಂಡ್ಲಿ ಇಟ್ಟು ಕೈ ಎತ್ತಿದಾಗ ತೋಳಿನ ಪಟ್ಟಿ ಚೆನ್ನಾಗಿ ಕಾಣುತ್ತದೆ ಕೂಡ.

ಡಾಂಬರು ಕೆಲಸದವರಿಗೆ ಒಂದು ಎಚ್ಚರಿಕೆ. ಈ ಜಾಕೆಟ್‌ಗಳು ಬಹುತೇಕ ಪಾಲಿಯೆಸ್ಟರ್. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಡ್ರಮ್ಮಿನ ಕೆಳಗೆ ಸೌದೆ ಉರಿ ಹಾಕಿ ಡಾಂಬರು ಕಾಯಿಸುವವರು, ಗ್ಯಾಸ್ ಬರ್ನರ್ ಹಿಡಿಯುವವರು ಬರಿಮೈ ಮೇಲೆ ಜಾಕೆಟ್ ಹಾಕಲೇಬಾರದು. ಒಳಗೆ ತುಂಬು ತೋಳಿನ ದಪ್ಪ ಹತ್ತಿ ಅಂಗಿ ಇರಲಿ. ಸಾಧ್ಯವಾದರೆ ಬೆಂಕಿ ಬೇಗ ಹತ್ತದ ಬಟ್ಟೆಯ ಜಾಕೆಟ್ ಬೇರೆ ಸಿಗುತ್ತದೆ, ಅದನ್ನು ಕೇಳಿ ತನ್ನಿ.

ಬಲೆ ಬಟ್ಟೆಯ ಬಗ್ಗೆ ಇಷ್ಟು: ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಒತ್ತೊತ್ತು ನೇಯ್ಗೆಯ ಜಾಕೆಟ್ ಕೊಟ್ಟರೆ ಹತ್ತು ಗಂಟೆಗೇ ಬಿಚ್ಚಿ ಇಟ್ಟುಬಿಡುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಸಣ್ಣ ತೂತಿನ ಬಲೆ ಬಟ್ಟೆ ಪರವಾಗಿಲ್ಲ. ಆದರೆ ತೂತು ದೊಡ್ಡದಾದಷ್ಟೂ ಒಳಗಿನ ಮಾಸಲು ಅಂಗಿ ಇಣುಕುತ್ತದೆ, ಫ್ಲೋರೊಸೆಂಟ್ ಬಣ್ಣ ಕಮ್ಮಿಯಾಗುತ್ತದೆ. ತೊಡಿಸಿ, ದೂರದಿಂದ ನೋಡಿ. ಒಳಗಿನ ಅಂಗಿಯ ಬಣ್ಣ ಗೊತ್ತಾಗುತ್ತಿದ್ದರೆ ಆ ಬಲೆ ಬೇಡ.

ಹಂತ 7: ತೊಟ್ಟ ಮೇಲೆ ಮುಚ್ಚಿಹಾಕಬೇಡಿ

ಒಳ್ಳೆಯ ಜಾಕೆಟ್ ಕೊಟ್ಟೂ ಕಾಣದಂತಾಗುವುದು ಹೀಗೆ:

ಮಳೆ ಬಂದ ಕೂಡಲೇ ಜಾಕೆಟ್ಟಿನ ಮೇಲೆ ಕಪ್ಪು ರೇನ್‌ಕೋಟು ಅಥವಾ ನೀಲಿ ಪ್ಲಾಸ್ಟಿಕ್ ಶೀಟು ಹೊದೆಯುವುದು. ರಸ್ತೆ ಜಾರುವ, ಗಾಜು ಮಬ್ಬಾಗುವ, ಕಾಣುವುದೇ ಕಷ್ಟವಾದ ಹೊತ್ತಿನಲ್ಲೇ ತಂಡವಿಡೀ ಮಾಯ. ಮಳೆಗಾಲದ ಸೈಟಿಗೆ ಟೇಪು ಇರುವ ಫ್ಲೋರೊಸೆಂಟ್ ರೇನ್‌ಕೋಟನ್ನೇ ಕೊಡಿಸಿ. ಆಗದಿದ್ದರೆ ದೊಡ್ಡ ಅಳತೆಯ ಜಾಕೆಟ್ ತಂದು ರೇನ್‌ಕೋಟಿನ ಮೇಲೆ ತೊಡಿಸಿ. ಚಳಿಗಾಲದ ಬೆಳಿಗ್ಗೆ ಸ್ವೆಟರು, ಶಾಲಿನದ್ದೂ ಇದೇ ಕಥೆ.

ಹೆಗಲ ಮೇಲೆ ಟವೆಲ್ಲು. ಅದನ್ನು ತಲೆಗೆ ಸುತ್ತಿಕೊಳ್ಳಲಿ, ಹೆಗಲ ಟೇಪು ಬಿಟ್ಟುಕೊಡಲಿ. ಹೆಲ್ಮೆಟ್ ಇರುವಲ್ಲಿ ಟವೆಲ್ಲು ಸೊಂಟಕ್ಕೂ ಬೇಡ, ಕೆಳಗಿನ ಪಟ್ಟಿ ಮುಚ್ಚುತ್ತದೆ.

ಬೆನ್ನ ತುಂಬ ಕಂಪನಿಯ ಹೆಸರು. ಗುತ್ತಿಗೆದಾರರಿಗೆ ಇದರ ಮೇಲೆ ಬಹಳ ಆಸೆ. ದೊಡ್ಡ ಕಪ್ಪು ಅಕ್ಷರ ಅಚ್ಚು ಹಾಕಿದಷ್ಟೂ ಫ್ಲೋರೊಸೆಂಟ್ ಜಾಗ ಕಡಿಮೆಯಾಗುತ್ತದೆ, ಕ್ಲಾಸಿನ ಲೆಕ್ಕ ತಪ್ಪುತ್ತದೆ. ಎದೆಯ ಜೇಬಿನ ಮೇಲೆ ಸಣ್ಣದಾಗಿ ಹಾಕಿಸಿ.

ಗುರುತಿನ ಚೀಟಿ, ವಾಕಿಟಾಕಿ, ಹತಾರದ ಬೆಲ್ಟು ಟೇಪಿನ ಮೇಲೆ ಬರಬಾರದು. ಉದ್ದ ಜಾಸ್ತಿ ಎಂದು ಜಾಕೆಟ್ಟಿನ ತುದಿ ಕತ್ತರಿಸುವವರಿದ್ದಾರೆ, ಅದರ ಜತೆ ಕೆಳಗಿನ ಟೇಪೂ ಹೋಗುತ್ತದೆ.

ಬಾವುಟ ಹಿಡಿಯುವವನ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಉಳಿದವರೆಲ್ಲ ಬ್ಯಾರಿಕೇಡಿನ ಒಳಗಿದ್ದರೆ ಇವನೊಬ್ಬ ಹೊರಗೆ, ಬರುವ ಗಾಡಿಗಳ ಎದುರು. ಸಾಮಾನ್ಯವಾಗಿ ಈ ಕೆಲಸ ಆವತ್ತು ಬಂದ ಹೊಸಬನಿಗೋ, ಬೇರೆ ಕೆಲಸ ಆಗದ ವಯಸ್ಸಾದವರಿಗೋ ಸಿಗುತ್ತದೆ, ಜಾಕೆಟ್ಟೂ ಉಳಿದ ಹಳೆಯದೇ. ಇದು ಉಲ್ಟಾ ಆಗಬೇಕು. ಹೊಸ ಕ್ಲಾಸ್ 3 ಮೊದಲು ಇವರಿಗೆ. ರಾತ್ರಿ ಬಟ್ಟೆಯ ಬಾವುಟ ಯಾರಿಗೂ ಕಾಣದು, ಕೆಂಪು ಬೆಳಕಿನ ಬ್ಯಾಟನ್ ಅಥವಾ ರಿಫ್ಲೆಕ್ಟರ್ ಬಳಿದ ನಿಲ್ಲಿ ಫಲಕ ಕೊಡಿ. ನಿಂತ ಜಾಗಕ್ಕೆ ಬೆಳಕು ಬೇಕು, ಆದರೆ ಫ್ಲಡ್‌ಲೈಟು ಅವನ ಹಿಂದೆ ಇದ್ದು ಚಾಲಕನ ಕಣ್ಣಿಗೆ ಹೊಡೆಯುವಂತಿರಬಾರದು. ಹಾಗಿದ್ದರೆ ಅವನು ಕರಿ ನೆರಳಾಗಿ ಕಾಣುತ್ತಾನೆ, ಟೇಪಿನ ಹೊಳಪೆಲ್ಲ ಆ ಬೆಳಕಿನಲ್ಲಿ ಮುಳುಗುತ್ತದೆ.

ಹಂತ 8: ಒಗೆಯುವುದು, ನೋಡುವುದು, ಬದಲಿಸುವುದು

ಮಣ್ಣು, ಸಿಮೆಂಟ್ ಧೂಳು ಹತ್ತಿದ ಜಾಕೆಟ್ ಹೊಸದಾಗಿದ್ದರೂ ಹಳೆಯದೇ. ಒಗೆಯಬೇಕು. ಆದರೆ ನಮ್ಮ ಒಗೆತಕ್ಕೆ ಈ ಟೇಪು ತಡೆಯುವುದಿಲ್ಲ. ಕಲ್ಲಿಗೆ ಬಡಿಯುವುದು, ಬ್ರಷ್ಷಿನಿಂದ ತಿಕ್ಕುವುದು ಎರಡೂ ಗಾಜಿನ ಮಣಿಗಳನ್ನು ಉದುರಿಸುತ್ತವೆ. ಕಣ್ಣಿಗೆ ಟೇಪು ಹಾಗೇ ಇದ್ದಂತೆ ಕಂಡರೂ ಟಾರ್ಚ್ ಬಿಟ್ಟರೆ ಹೊಳಪಿಲ್ಲ.

ಸೋಪಿನ ಪುಡಿ ಕದಡಿದ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಲ್ಲಿ ಹಿಸುಕಿ ತೆಗೆಯಿರಿ. ಟೇಪನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಬ್ಲೀಚು ಬೇಡ, ಕಂಫರ್ಟ್‌ನಂಥ ಮೆದು ಮಾಡುವ ದ್ರಾವಣ ಬೇಡ, ಟೇಪಿನ ಮೇಲೆ ಇಸ್ತ್ರಿ ಬೇಡ. ಡಾಂಬರಿನ ಕಲೆ ಹೋಗಲೆಂದು ಡೀಸೆಲ್ಲು, ಸೀಮೆಎಣ್ಣೆ ಹಚ್ಚುವುದು ಸೈಟಿನಲ್ಲಿ ರೂಢಿ. ಟೇಪಿನ ಅಂಟು ಹಾಳಾಗುತ್ತದೆ, ಮೇಲಾಗಿ ಬೆಂಕಿಯ ಹತ್ತಿರ ಕೆಲಸ ಮಾಡುವವನ ಮೈಮೇಲೆ ಆ ಬಟ್ಟೆ. ಟೇಪಿನ ಮೇಲೆ ಡಾಂಬರು ಅಂಟಿದರೆ ಅದನ್ನು ಬದಲಿಸುವುದೇ ಸರಿ. ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಫ್ಲೋರೊಸೆಂಟ್ ಬಣ್ಣ ಬೇಗ ಮಾಸುತ್ತದೆ.

ಜಾಕೆಟ್ ಕೊಟ್ಟ ದಿನ ಒಳಗಿನ ಲೇಬಲ್ಲಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. ಪ್ರತಿ ಒಗೆತಕ್ಕೆ ಒಂದು ಗೀಟು. ಹಂತ 4ರಲ್ಲಿ ನೋಡಿದ ಸಂಖ್ಯೆ ಮುಟ್ಟಿದರೆ ಟೇಪು ಮತ್ತು ಬಟ್ಟೆ ಎರಡನ್ನೂ ಪರೀಕ್ಷೆ ಮಾಡಿ. ದಿನವೂ ಬಿಸಿಲಲ್ಲಿ ತೊಡುವ ಜಾಕೆಟ್ಟಿಗೆ ಸಾಧಾರಣವಾಗಿ ಆರು ತಿಂಗಳ ಆಯಸ್ಸು ಹಿಡಿಯುತ್ತಾರೆ, ಡಾಂಬರು ತಂಡದಲ್ಲಿ ಅದಕ್ಕಿಂತ ಬೇಗ ಹೋಗುತ್ತದೆ.

ನೋಡುವ ವಿಧಾನ ಸುಲಭ. ಪ್ರತಿ ಬಾರಿ ಕೊಳ್ಳುವಾಗ ಒಂದು ಜಾಕೆಟ್ ತೊಡದೆ ಕತ್ತಲ ಪೆಟ್ಟಿಗೆಯಲ್ಲಿ ಇಡಿ. ತಿಂಗಳಿಗೊಮ್ಮೆ ಬಳಕೆಯ ಜಾಕೆಟ್ಟನ್ನು ಅದರ ಪಕ್ಕ ಹಿಡಿಯಿರಿ. ಹಗಲಲ್ಲಿ ಬಣ್ಣ ಹೋಲಿಸಿ, ಕತ್ತಲಲ್ಲಿ ಟಾರ್ಚ್ ಬಿಟ್ಟು ಟೇಪು ಹೋಲಿಸಿ. ನೋಡಿದ ಕೂಡಲೇ ವ್ಯತ್ಯಾಸ ಗೊತ್ತಾಗುವಷ್ಟು ಮಂಕಾಗಿದ್ದರೆ, ಟೇಪು ಬಿರುಕು ಬಿಟ್ಟಿದ್ದರೆ, ಒಂದು ಕಡೆ ಕಿತ್ತು ಜೋತಾಡುತ್ತಿದ್ದರೆ ಬದಲಿಸಿ. ಹರಿದ ಟೇಪಿನ ಜಾಗಕ್ಕೆ ಗಾಡಿಗೆ ಅಂಟಿಸುವ ಸ್ಟಿಕ್ಕರ್ ಅಂಟಿಸಬೇಡಿ. ಒಂದೆರಡು ಸಲ ಬಗ್ಗಿ ಎದ್ದರೆ ಅದು ಕಳಚಿಕೊಳ್ಳುತ್ತದೆ.

ದುಡ್ಡು ಯಾರು ಕೊಡಬೇಕು?

ಕೆಲಸ ಕೊಟ್ಟವರು. ಕೂಲಿಯಲ್ಲಿ ಜಾಕೆಟ್ಟಿನ ದುಡ್ಡು ಮುರಿದುಕೊಳ್ಳುವ ಮೇಸ್ತ್ರಿಗಳಿದ್ದಾರೆ, ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸುರಕ್ಷತೆಗೆಂದು ಕೊಡುವ ಯಾವುದಕ್ಕೂ ಕೆಲಸಗಾರರಿಂದ ಹಣ ವಸೂಲಿ ಮಾಡುವಂತಿಲ್ಲ ಎಂದು ಅದರಲ್ಲಿದೆ. ಗುತ್ತಿಗೆದಾರರು ಟೆಂಡರ್ ಹಾಕುವಾಗಲೇ ಸುರಕ್ಷತೆ ಸಾಮಾನಿನ ಲೆಕ್ಕ ಸೇರಿಸಿಕೊಳ್ಳಿ. ಕೆಲಸದ ವೇಳೆಯ ಸಂಚಾರ ಸುರಕ್ಷತೆ ಗುತ್ತಿಗೆದಾರರ ಹೊಣೆ ಎಂದು ಕೇಂದ್ರ ಹೆದ್ದಾರಿ ಸಚಿವಾಲಯದ ರಸ್ತೆ ಕಾಮಗಾರಿ ನಿರ್ದಿಷ್ಟತೆಗಳ 112ನೇ ಖಂಡವೂ ಹೇಳುತ್ತದೆ. ಒಬ್ಬರಿಗೆ ಎರಡು ಜಾಕೆಟ್ ಎಂದು ಲೆಕ್ಕ ಹಿಡಿಯಿರಿ. ಒಂದೇ ಇದ್ದರೆ ಒಗೆಯಲು ಹಾಕಿದ ದಿನ ಅವರು ಮಾಮೂಲಿ ಅಂಗಿಯಲ್ಲೇ ರಸ್ತೆಗೆ ಇಳಿಯಬೇಕಾಗುತ್ತದೆ. ಸೈಟ್ ನೋಡಲು ಬರುವ ಎಂಜಿನಿಯರು, ಅಧಿಕಾರಿಗಳಿಗೆಂದು ನಾಲ್ಕೈದು ಹೆಚ್ಚಿಗೆ ಇರಲಿ. ಬಿಳಿ ಅಂಗಿಯಲ್ಲಿ ರಸ್ತೆ ಮಧ್ಯೆ ನಿಂತು ಫೋನಿನಲ್ಲಿ ಮಾತಾಡುವವರು ಹೆಚ್ಚಾಗಿ ಅವರೇ.

ಬದಲಿಸಿದ ಹಳೆಯ ಜಾಕೆಟ್‌ಗಳನ್ನು ಸ್ಟೋರಿನ ಮೂಲೆಯಲ್ಲಿ ಬಿಸಾಡಬೇಡಿ. ಜನ ಜಾಸ್ತಿ ಬಂದ ದಿನ ಅವೇ ಮತ್ತೆ ಹೊರಗೆ ಬರುತ್ತವೆ. ಟೇಪಿಗೆ ಅಡ್ಡಲಾಗಿ ಕತ್ತರಿ ಹಾಕಿ, ಯಂತ್ರ ಒರೆಸುವ ಬಟ್ಟೆಗಳ ಚೀಲಕ್ಕೆ ಸೇರಿಸಿ.